ಗಾಜಿನ ಕಪಾಟಿನ ಪಕ್ಕ

ಜೂನ್ ೧೪, ಶುಕ್ರವಾರ
ಅಕ್ಕನ ಮನೆಯಿಂದ

ಮನೆಯವರಿಗೆ,

ನಿನ್ನೆ ಭಾವ ಬಂದಿದ್ದರು. ಬಾಗಿಲಲ್ಲೇ ನಿಂತು, "ನನ್ನ ತಮ್ಮ ಬದಲಾಗಿದಾನಮ್ಮ. ನಿಂಗೋಸ್ಕರ ಮನೆ ತುಂಬ ಹೊಸ ಸಾಮಾನು ತಂದಿಟ್ಟಿದಾನೆ. ಪೊಲೀಸ್ ಕಂಪ್ಲೇಂಟ್ ವಾಪಸ್ ತಗೊಂಡು ಮನೆಗೆ ನಡಿ" ಅಂದರು. ಅಕ್ಕ ಒಳಗಿನಿಂದಲೇ, "ಸಾಮಾನು ನೋಡಿ ಮನೆ ಒಪ್ಕೊಳೋಕೆ ಅವಳೇನು ಗಿರಾಕಿನಾ?" ಅಂದಳು. ಪ್ಲಾಸ್ಟರ್ ಹಾಕಿದ ನನ್ನ ಎಡಗೈ ನೋಡಿ ಭಾವ ತಲೆ ತಗ್ಗಿಸಿದರು. ಉತ್ತರ ಬರೆದು ಕಳಿಸುತ್ತೇನೆ ಎಂದಿದ್ದೆ. ಇದೇ ಅದು.

ಹಳೆಯ ಮನೆ ಕೊಂಡು, ರಿಪೇರಿ ಮಾಡಿಸಿ, ಬೆಲೆ ಏರಿಸಿ ಮಾರುವುದು, ಮಾರದಿದ್ದರೆ ಬಾಡಿಗೆಗೆ ಬಿಡುವುದು ನಿಮ್ಮ ವ್ಯಾಪಾರ. ಅಲ್ಲಿಯವರೆಗೆ ಅದರಲ್ಲಿ ನಾವೇ ಇರುತ್ತಿದ್ದೆವು. ಖಾಲಿ ಮನೆಗೆ ಗಿರಾಕಿ ಬರಲ್ಲ ಅನ್ನುತ್ತಿದ್ದಿರಿ. ಸಾಮಾನು ಜೋಡಿಸುವುದು ನನ್ನ ಪಾಲಿಗೆ ಬಂತು. ಚಿಕ್ಕ ಕೋಣೆಗೆ ಗಿಡ್ಡ ಮಂಚ, ಕತ್ತಲ ಹಾಲಿಗೆ ಗಾಜಿನ ಟೀಪಾಯಿ, ತೇವ ಹಿಡಿದ ಗೋಡೆಗೆ ಅಡ್ಡವಾಗಿ ಪುಸ್ತಕದ ಶೆಲ್ಫು. ಮನೆ ಬದಲಾದಾಗಲೆಲ್ಲ ಅದೇ ಸಾಮಾನು ಲಾರಿಯಲ್ಲಿ ನಮ್ಮ ಹಿಂದೆಯೇ ಬರುತ್ತಿತ್ತು.

ಗಿರಾಕಿ ಕೈಕೊಟ್ಟ ದಿನ ನನಗೆ ಹೊಡೆಯುತ್ತಿದ್ದಿರಿ. ಆದರೆ ಸಾಮಾನಿಗೆ ಪೆಟ್ಟಾಗದಂತೆ. "ಟೀಪಾಯಿ ಹತ್ರ ಬೇಡ, ಈ ಕಡೆ ಬಾ" ಎಂದು ಕರೆದು, ನಾನು ಬಂದ ಮೇಲೆ ಹೊಡೆದದ್ದು ನೆನಪಿದೆಯೇ? ಮೂಗಿನ ರಕ್ತ ಸೋಫಾಕ್ಕೆ ತಗುಲಿತೆಂದು ಒಮ್ಮೆ ಹೊಟ್ಟೆಗೆ ಒದ್ದಿರಿ. ಕಲೆಯನ್ನು ನಾನೇ ತಣ್ಣೀರಿನಲ್ಲಿ ಉಜ್ಜಿದೆ. ಭಾನುವಾರ ಬಂದ ದಂಪತಿ ಅದೇ ಸೋಫಾದ ಮೇಲೆ ಕೂತು ಚೌಕಾಸಿ ಮಾಡಿದರು.

ಆಮೇಲೆ ನಿಮ್ಮ ದನಿ ಏರಿದಾಗಲೆಲ್ಲ ನಾನು ಗಾಜಿನ ಕಪಾಟಿಗೆ ಒರಗಿ ನಿಲ್ಲತೊಡಗಿದೆ. ಅಲ್ಲಿದ್ದರೆ ನಿಮ್ಮ ಕೈ ಇಳಿಯುತ್ತಿತ್ತು. ಹಾಗಾಗಿ ಕೋಣೆಗೊಂದು ಗಾಜಿನ ಸಾಮಾನು ಸೇರಿಸುತ್ತಾ ಹೋದೆ. "ನಿಮ್ಮ ಹೆಂಡ್ತಿ ಟೇಸ್ಟೇ ಟೇಸ್ಟು ಸಾರ್" ಎಂದು ದಲ್ಲಾಳಿ ಹೇಳಿದಾಗ ನೀವು ಉಬ್ಬಿಹೋದಿರಿ.

ಹಿಂದಿನ ಮನೆ ಕೊಂಡವರು ಸಾಮಾನು ಸಮೇತ ಬೇಕೆಂದರು. ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿದಿರಿ. ಸೂಟ್‌ಕೇಸು, ಹಾಸಿಗೆಯ ಸುರುಳಿ ಹಿಡಿದು ಈಗ ನೀವಿರುವ ಮನೆಗೆ ಬಂದೆವು. ಒಳಗೆ ಕಾಲಿಟ್ಟವಳೇ ನಿಲ್ಲಲು ಒಂದು ಜಾಗ ಹುಡುಕಿದೆ. ಎಲ್ಲ ಕಡೆ ಬರೀ ಗೋಡೆ.

ಸಾಮಾನು ಕೊಡಬಾರದಿತ್ತು ಎಂದೆ, ಅಷ್ಟೇ. ಕೂದಲು ಹಿಡಿದು ಹಾಲಿನಿಂದ ಬೆಡ್‌ರೂಮಿಗೆ ಎಳೆದೊಯ್ದಿರಿ. ತಲೆಯನ್ನು ಗೋಡೆಗೆ ಅಪ್ಪಳಿಸಿದಿರಿ. ಅಡ್ಡ ಹಿಡಿದ ಕೈಯನ್ನು ನೆಲಕ್ಕೆ ಒತ್ತಿ, ಮೇಲೆ ಮಂಡಿಯೂರಿ ತಿರುಚಿದಿರಿ. ಮೂಳೆ ಮುರಿದ ಸದ್ದು ಖಾಲಿ ಮನೆಯಲ್ಲಿ ಎಷ್ಟು ಜೋರಾಗಿ ಕೇಳಿತೆಂದರೆ ನೀವೇ ಬೆಚ್ಚಿದಿರಿ. ನಿಮ್ಮ ಕೆನ್ನೆಯ ಗಾಯ ನಾನು ಕಚ್ಚಿದ್ದು. ಇಲ್ಲ ಅನ್ನುವುದಿಲ್ಲ.

ಆಸ್ಪತ್ರೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ನೀವು, "ಬೆಡ್‌ರೂಮಲ್ಲಿ ಕಾಲು ಜಾರಿ ಬೀರು ಮೇಲೆ ಬಿದ್ಲು ಡಾಕ್ಟ್ರೇ" ಅಂದಿರಿ. ಡಾಕ್ಟರು ಹಾಗೇ ಬರೆದುಕೊಂಡರು. ನೀವು ಔಷಧಿ ತರಲು ಹೋದಾಗ ನಾನು ನರ್ಸಿಗೆ, ನಮ್ಮ ಮನೆಯಲ್ಲಿ ಬೀರುವೇ ಇಲ್ಲ ಎಂದೆ. ಅಲ್ಲಿಂದಲೇ ದೂರು ಕೊಟ್ಟೆ. ಪೊಲೀಸರು ಮನೆ ನೋಡಲು ಬರುತ್ತಾರೆಂದು ನಿಮಗೆ ಗೊತ್ತಿತ್ತು. ಹೊಸ ಸಾಮಾನು ಯಾರಿಗೋಸ್ಕರ ಬಂದಿದೆ ಎಂದು ನನಗೂ ಗೊತ್ತು.

ದೂರು ವಾಪಸ್ ಪಡೆಯುವುದಿಲ್ಲ. ನಾನು ಬರುವುದೂ ಇಲ್ಲ.

ಇಂತಿ,
ನಿಮ್ಮ ಸಾಮಾನು ಜೋಡಿಸುತ್ತಿದ್ದವಳು

ಮರೆತ ಮಾತು: ಹೊರಡುವಾಗ ಭಾವ, "ಬೀರು ಎಷ್ಟು ದೊಡ್ಡದು ಅಂತೀಯಮ್ಮ! ನಾಲ್ಕು ಜನ ಹೆಣಗಾಡಿದ್ರೂ ಬೆಡ್‌ರೂಮ್ ಬಾಗಿಲಲ್ಲಿ ಹೋಗ್ಲೇ ಇಲ್ಲ, ಹಾಲಲ್ಲೇ ನಿಂತಿದೆ" ಎಂದು ನಕ್ಕರು. ಪಾಪ, ತಾವೇನು ಹೇಳುತ್ತಿದ್ದೇವೆಂದು ಅವರಿಗೆ ತಿಳಿಯಲಿಲ್ಲ. ನಾನು ಕೂಡಲೇ ಠಾಣೆಗೆ ಫೋನ್ ಮಾಡಿ ಹೇಳಿದೆ. ಇವತ್ತು ಬೆಳಿಗ್ಗೆ ಪೊಲೀಸರು ನಿಮ್ಮಲ್ಲಿಗೆ ಬಂದು ನೋಡಿ ಹೋದ ಮೇಲೆಯೇ ಈ ಪತ್ರ ಬರೆಯಲು ಕೂತೆ. ಸಾಮಾನು ತರುವ ಮೊದಲು ಬಾಗಿಲಿನ ಅಳತೆ ತೆಗೆಯುವುದು ಯಾವಾಗಲೂ ನನ್ನ ಕೆಲಸವಾಗಿತ್ತು.