ಗೆರೆಯಿಲ್ಲದ ಬಳ್ಳಿ

೮-೨-೧೯೮೩, ಮಂಗಳವಾರ

ಇವತ್ತೂ ಬಾಂಬೆ ಸೀರೆ. ಗಾಜಿನ ಮೇಜಿನ ಕೆಳಗೆ ಬಲ್ಬು, ಮೇಲೆ ಸೀರೆ, ಅದರ ಮೇಲೆ ಟ್ರೇಸಿಂಗ್ ಕಾಗದ. ಸಂಜೆಯ ಹೊತ್ತಿಗೆ ಸೆರಗು ಮುಗಿಯಿತು. ಡ್ರಾಯಿಂಗ್ ಡಿಪ್ಲೊಮಾ ಮಾಡಿ ಗುಳೇದಗುಡ್ಡದಿಂದ ಬೆಂಗಳೂರಿನ ಈ ಗೊರಗುಂಟೆಪಾಳ್ಯಕ್ಕೆ ಬಂದದ್ದು ಇದಕ್ಕೇ. ಬೇರೆಯವರ ಹೂವಿನ ಸುತ್ತ ಪೆನ್ಸಿಲ್ ಓಡಿಸುವುದು.

ಖಾದರ್ ಬಾಷಾ ಸಾಹೇಬರು ಕೆಟ್ಟ ಮಾಲೀಕರಲ್ಲ. ಪ್ರಿಂಟಿಂಗ್ ಶೆಡ್ಡಿಗೆ ಬಂದವರಿಗೆಲ್ಲ "ನಮ್ಮ ಡಿಸೈನರ್ ಚನ್ನಕ್ಕ" ಎಂದೇ ಪರಿಚಯಿಸುತ್ತಾರೆ. ಬಂದವರು ನನ್ನ ಹಿಂದೆ ನೋಡುತ್ತಾರೆ, ಡಿಸೈನರ್ ಅಲ್ಲೆಲ್ಲೋ ನಿಂತಿರಬೇಕು ಅಂತ.

ಪಕ್ಕದ ಖಾಲಿ ಗೋಡೌನಿಗೆ ಯಾರೋ ಡ್ರಮ್ ಇಳಿಸುತ್ತಿದ್ದರು.

೧೨-೨-೧೯೮೩

ಮದುವೆ ಬ್ಯಾಂಡಿನವರು. ಮಧ್ಯಾಹ್ನವೆಲ್ಲ ಪ್ರಾಕ್ಟೀಸ್. ತುತ್ತೂರಿಗಳು ಒಂದರ ಮೇಲೊಂದು ಬಿದ್ದು ತಲೆನೋವು. ಕ್ಲಾರಿನೆಟ್ ಒಂದು ಮಾತ್ರ ಬೇರೆ. ಮಾಸ್ಟರ್ ಮುಜಫ್ಫರ್ ಅಂತೆ. ನಮ್ಮಲ್ಲಿ ಸೀರೆ ಮಡಿಚುವ ಕೆಲಸದ ಜೈಬುನ್ನೀಸಾ ಹೇಳಿದಳು.

ಕ್ಲಾರಿನೆಟ್ ಕೇಳಿ ಬಣ್ಣ ಕಂಡಿತು ಎಂದು ಬರೆದರೆ ಸುಳ್ಳು. ಗಮನಿಸಿದ್ದು ಇಷ್ಟೇ — ಆತ ಎಲ್ಲಿ ನಿಲ್ಲಿಸುತ್ತಾನೆ ಎಂದು. ನಾವು ಕಾಯುವ ಕಡೆ ನಿಲ್ಲಿಸುವುದಿಲ್ಲ. ನಡುವೆಯೇ ಬಿಟ್ಟು, ಉಸಿರು ಹಿಡಿದು, ಮತ್ತೆ ಎತ್ತಿಕೊಳ್ಳುತ್ತಾನೆ.

೨೧-೨-೧೯೮೩

ಮುಜಫ್ಫರ್ ಶೆಡ್ಡಿಗೆ ಬಂದಿದ್ದರು. ಕೈಯಲ್ಲಿ ಹಳೆ ಕೋಟು. ಕಂಕುಳಲ್ಲಿ ಕೆಂಪು ಹೋಗಿ ಮಣ್ಣಿನ ಬಣ್ಣ.

"ಮೇಡಂ, ಹೊಸಾ ಡ್ರೆಸ್ ಹೊಲಿಸ್ಬೇಕು. ಎಲ್ಲಾ ಬ್ಯಾಂಡ್‌ನವ್ರೂ ಕೆಂಪೇ ಹಾಕ್ತಾರೆ. ನಮಗೆ ಯಾವ ಕಲರ್ ಚೆನ್ನಾಗಿರ್ತದೆ, ನೀವೇ ಹೇಳಿ."

ನನ್ನನ್ನು ಯಾರೂ ಹೀಗೆ ಕೇಳಿದ್ದಿಲ್ಲ. ತುಂಡು ಬಟ್ಟೆಗಳನ್ನೆಲ್ಲ ಹರಡಿದೆ. ಕಡುನೀಲಿ, ಕಾಲರಿಗೆ ಕಿತ್ತಳೆ ಎಂದೆ. ಜೊತೆಗೆ ಬಂದಿದ್ದ ಡ್ರಮ್ಮಿನವನು ಮುಖ ಸಿಂಡರಿಸಿದ. ಮುಜಫ್ಫರ್ ಎರಡೂ ತುಂಡು ಜೇಬಿಗೆ ಹಾಕಿಕೊಂಡರು.

೬-೩-೧೯೮೩, ಭಾನುವಾರ

ಮನೆಯಲ್ಲೇ. ಬೆಳಗಿನಿಂದ ಚಿತ್ರ ಬರೆದೆ. ಕಡುನೀಲಿ ನೆಲ, ಕಿತ್ತಳೆ ಬಳ್ಳಿ. ನಡುನಡುವೆ ತುಂಡಾಗುತ್ತದೆ, ಅಲ್ಲಿ ಬರೀ ನೀಲಿ. ಮತ್ತೆ ಬೇರೆ ಎತ್ತರದಲ್ಲಿ ಹೊರಡುತ್ತದೆ. ಬಳ್ಳಿಯ ಸುತ್ತ ಕಪ್ಪು ಗೆರೆ.

ಮನೆ ಓನರ್ ಗೋಪಾಲಮ್ಮ ಕಾಫಿ ತಂದರು. "ಏನ್ ಚನ್ನಕ್ಕ, ಬಳ್ಳಿ ಅಲ್ಲಲ್ಲಿ ಒಣಗೋಗಿದೆಯಲ್ಲ?"

೯-೩-೧೯೮೩

ಸಾಹೇಬರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆಯಮ್ಮ. ಆದ್ರೆ ಇದನ್ನ ಯಾರ್ ಉಡ್ತಾರೆ?"

ಸ್ಯಾಂಪಲ್ಲಿಗೆ ಒಂದೇ ಸೀರೆ ಹಾಕಲು ಒಪ್ಪಿದರು.

೧೯-೩-೧೯೮೩

ಸೀರೆ ಬಂತು. ಸೆರಗಿನ ತುದಿಯಲ್ಲಿ ಬಣ್ಣ ಕದಡಿತ್ತು. ಅಂಗಡಿಯವರು ಬೇಡವೆಂದರು. ಕೆಟ್ಟ ಸೀರೆ ಕೆಲಸದವರಿಗೆ ಹೋಗುವುದು ಪದ್ಧತಿ. ಜೈಬುನ್ನೀಸಾ ತೆಗೆದುಕೊಂಡಳು.

ನಾನು ಬರೆದ ಚಿತ್ರವನ್ನು ಸಾಹೇಬರು ಬಾಂಬೆಯ ಒಬ್ಬ ಏಜೆಂಟನ ಕೈಗೆ ಕೊಟ್ಟರು. "ಅಲ್ಲಿ ಯಾರಿಗಾದ್ರೂ ತೋರಿಸ್ಲಿ." ಆತ ಸುರುಳಿ ಸುತ್ತಿ ಬ್ಯಾಗಿಗೆ ತುರುಕಿದ. ಮತ್ತೆ ಟ್ರೇಸಿಂಗ್.

೩-೭-೧೯೮೩

ಬರೆಯಲು ಏನೂ ಇರಲಿಲ್ಲ. ಏಜೆಂಟ್ ಈ ಕಡೆ ಬಂದೇ ಇಲ್ಲ. ಅಣ್ಣ ಊರಿಂದ ಬಂದಿದ್ದ. "ಸಾಕು ಬಾ. ಗೆರಿ ಕೊರ್ಯಾಕ ಬೆಂಗಳೂರೇ ಬೇಕೇನು?" ಅವನನ್ನು ಬಸ್ಸು ಹತ್ತಿಸಿ ಬಂದೆ.

೧೭-೧೦-೧೯೮೩

ಸಾಹೇಬರು ಬಾಂಬೆಯಿಂದ ಬಂದರು. ಖುಷಿಯಲ್ಲಿದ್ದರು. ಮೇಜಿನ ಮೇಲೆ ಸೀರೆ ಬಿಡಿಸಿ, "ಅಲ್ಲಿ ಇದೇ ಓಡ್ತಾ ಇದೆ. ಬೇಗ ಟ್ರೇಸ್ ಮಾಡ್ಕೊಡಮ್ಮ."

ಕಡುನೀಲಿ. ಕಿತ್ತಳೆ ಬಳ್ಳಿ.

"ಇದು ನಂದ್ ಐತ್ರಿ ಸಾಹೇಬ್ರ."

"ಏನು ನಿಂದು?"

"ಚಿತ್ರ. ನಾ ಬರ್ದದ್ದು. ಏಜೆಂಟಗ ಕೊಟ್ರೆಲ್ಲ."

ನಕ್ಕರು. ನೀಲಿ ಸೀರೆಗಳೆಲ್ಲ ಹಂಗೇ ಕಾಣ್ತವೆ ಎಂದರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದು ಅವರ ಮುಖದಲ್ಲೇ ಗೊತ್ತಾಯಿತು.

ಅಲ್ಲಿಯವರು ಎರಡು ಬದಲಾವಣೆ ಮಾಡಿದ್ದಾರೆ. ಖಾಲಿ ಜಾಗದಲ್ಲೆಲ್ಲ ಸಣ್ಣ ಹೂ ತುಂಬಿ ಬಳ್ಳಿಯ ಉಸಿರು ಕಟ್ಟಿಸಿದ್ದಾರೆ. ಕಪ್ಪು ಗೆರೆ ತೆಗೆದುಹಾಕಿದ್ದಾರೆ. ಗೆರೆ ಇಲ್ಲದೆ ಕಿತ್ತಳೆ ನೀಲಿಗೆ ನೇರ ತಾಗಿ ಕುಣಿಯುತ್ತದೆ. ನನ್ನದಕ್ಕಿಂತ ಚೆನ್ನಾಗಿದೆ. ಕದ್ದದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಟ್ರೇಸ್ ಮಾಡಿ ಮಾಡಿ ನನಗೆ ಗೆರೆಯ ಚಾಳಿ ಹತ್ತಿದೆ.

ಟ್ರೇಸ್ ಮಾಡಲಿಲ್ಲ. ತಲೆನೋವೆಂದು ಹೇಳಿ ಬಂದೆ.

೧೯-೧೦-೧೯೮೩

ಜೈಬುನ್ನೀಸಾಗೆ ಎಲ್ಲ ಹೇಳಿದ್ದೆ. ಇವತ್ತು ಆ ಸೀರೆಯನ್ನೇ ಉಟ್ಟು ಬಂದಳು. ನೇರ ಸಾಹೇಬರ ಮುಂದೆ ಹೋಗಿ ನಿಂತಳು.

"ನೋಡಿ ಸಾಬ್. ಇದು ಬಾಂಬೆಯಿಂದ ಬಂತಾ? ನೀವೇ ಕೊಟ್ರಲ್ಲ ನಂಗೆ. ಕಲರ್ ಹೋಗ್ಬಿಟ್ಟೈತೆ ಅಂತ."

ಸಾಹೇಬರು ಒಂದು ಸೀರೆ ನೋಡಿದರು, ಇನ್ನೊಂದು ನೋಡಿದರು. ಕುರ್ಚಿಯಲ್ಲಿ ಕುಳಿತರು. ಆಮೇಲೆ ನನಗೆ, "ಚಿತ್ರಾನ ಏಜೆಂಟ್‌ಗೆ ನಾನೇ ಕೈಯಾರೆ ಕೊಟ್ಟೆ ಅಲ್ವಾ?" ಎಂದರು.

"ಹೌದ್ರಿ."

"ಹೋಗ್ಲಿ ಬಿಡು. ಬಾಂಬೆ ಡಿಸೈನ್ ಅಂತಾನೇ ಪ್ರಿಂಟ್ ಮಾಡೋಣ. ಎರಡೂ ಒಂದೇ ಅಲ್ವಾ?"

"ಎರಡೂ ಒಂದಲ್ರಿ. ಅದನ್ನ ನಾ ಟ್ರೇಸ್ ಮಾಡೂದಿಲ್ಲ. ಚಿತ್ರ ಬರ್ಯಾಕ ಒಂದು ಮೇಜು ಕೊಡ್ರಿ. ಹೊಸಾದು ಬರೀತೀನಿ. ಅದು ಹೋಗ್ಲಿಲ್ಲಂದ್ರ ಊರಿಗೆ ಹೋಗಿಬಿಡ್ತೀನಿ."

ಇಷ್ಟು ಜೋರಾಗಿ ಹೇಳುವ ಉದ್ದೇಶವಿರಲಿಲ್ಲ. ಪ್ರಿಂಟಿಂಗಿನವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಸಾಹೇಬರು ಕನ್ನಡಕ ಒರೆಸಿದರು. ಆಯ್ತು ಎಂದರು.

೨೭-೧೧-೧೯೮೩

ಐದು ವಾರ. ಒಂದೂ ಸರಿಯಿಲ್ಲ. ಆರ್.ಟಿ. ನಗರದ ಮದುವೆಗೆ ಹೋಗಿದ್ದೆ, ಮುಜಫ್ಫರ್ ಕರೆದಿದ್ದರು. ಕಡುನೀಲಿ ಕೋಟು, ಕಿತ್ತಳೆ ಕಾಲರ್. ಜನ ಮದುಮಗನನ್ನು ಬಿಟ್ಟು ಬ್ಯಾಂಡ್ ನೋಡುತ್ತಿದ್ದರು. ಡ್ರಮ್ಮಿನವನೇ ಬಂದು ಮೈಸೂರುಪಾಕು ಕೊಟ್ಟ.

ಊಟದ ಸಾಲಿನಲ್ಲಿ ಹೆಂಗಸರ ದುಪಟ್ಟಾಗಳು. ಗುಲಾಬಿಯ ಪಕ್ಕ ಸಾಸಿವೆ, ಸಾಸಿವೆಯ ಪಕ್ಕ ನವಿಲುಬಣ್ಣ. ಯಾರೂ ಕೂಡಿ ಯೋಚಿಸಿದ್ದಲ್ಲ. ಯಾವುದಕ್ಕೂ ಗೆರೆಯಿಲ್ಲ.

೨-೨-೧೯೮೪

ಪ್ರಿಂಟ್ ಆಯಿತು. ನವಿಲುಬಣ್ಣದ ನೆಲ, ಸಾಸಿವೆ ಬಳ್ಳಿ. ಗೆರೆಯಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಇದೆ. ಹೂ ತುಂಬು ಎಂದು ಸಾಹೇಬರು ಎರಡು ಸಲ ಹೇಳಿದರು. ಎರಡು ಸಲವೂ ತುಂಬಲಿಲ್ಲ.

"ಯಾವ ಊರಿನ ಮಾಲು ಅಂತ ಅಂಗಡಿಯವ್ರು ಕೇಳ್ತಾರೆ. ಏನ್ ಹೇಳ್ಲಿ?"

"ಗೊರಗುಂಟೆಪಾಳ್ಯದ್ದು ಅನ್ರಿ."

"ಅಲ್ಲಿ ಲಾರಿ ಬಿಟ್ರೆ ಏನಿದೆ ಅಂತಾರಮ್ಮ!"

"ಸೀರಿನೂ ಐತಿ ಅನ್ರಿ."

೨೯-೨-೧೯೮೪

ಅರ್ಧ ಹೋಯಿತು. ಅರ್ಧ ಅಂಗಡಿಗಳಿಂದ ವಾಪಸ್. ನನ್ನ ಮಾತು ನೆನಪಿತ್ತು. ಚೀಲ ತೆಗೆದುಕೊಂಡು ಸಾಹೇಬರ ಮುಂದೆ ನಿಂತೆ.

"ಎಲ್ಲಿಗೆ?"

"ಹೋಗ್ತೀನಿ ಅಂದಿದ್ನೆಲ್ರಿ."

"ಅರ್ಧ ಮಾಲು ಹೋಗಿದೆ. ಹಂಗಾದ್ರೆ ನೀನೂ ಅರ್ಧ ಹೋಗು, ಇನ್ನರ್ಧ ಇಲ್ಲಿ ಕೂತು ಮುಂದಿಂದು ಬರಿ." ನಗಲಿಲ್ಲ ಅವರು. "ಯುಗಾದಿ ಮಾಲಿಗೆ ಟೈಮ್ ಆಗ್ತಾ ಬಂತು ಕಣಮ್ಮ."

ಚೀಲ ಇಟ್ಟೆ. ನೀರು ಕುಡಿದೆ. ಮೇಜಿನ ಮೇಲೆ ಹೊಸ ಕಾಗದ ಹಾಸಿದೆ.

೧೧-೩-೧೯೮೪, ಭಾನುವಾರ

ಹೆಬ್ಬಾಳದ ಬಸ್ ಸ್ಟಾಪು. ಕಂಡೆ. ನನ್ನ ಸೀರೆ, ಗುರುತಿಲ್ಲದ ಹೆಂಗಸಿನ ಮೈಮೇಲೆ. ಕಂಕುಳಲ್ಲಿ ಮಗು, ಕೈಯಲ್ಲಿ ಸೊಪ್ಪಿನ ಚೀಲ. ಮಗು ಸೆರಗು ಚೀಪುತ್ತಿತ್ತು. ಬಣ್ಣ ಹೋಗದಿದ್ದರೆ ಸಾಕು ಎಂದುಕೊಂಡೆ.

ಬ್ಲೌಸು ದಾಸವಾಳದ ಕೆಂಪು! ಯಾರಾದರೂ ನನ್ನನ್ನು ಕೇಳಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಆಕೆ ಕೇಳಿಲ್ಲ. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು, ಸೆರಗು ಸರಿಯಿತು, ಆ ಕೆಂಪಿನ ಪಕ್ಕ ಸಾಸಿವೆ ಬಂದು ನಿಂತಿತು — ನಾನು ಹಾಕಿದ ಸಾಸಿವೆಯೇ, ಆದರೆ ಅಲ್ಲಿ ಅದು ನಾನು ಎಂದೂ ನೋಡದ ಬಣ್ಣವಾಗಿತ್ತು.