ಹನ್ನೆರಡು ಹತ್ತರ ಸೀಟಿ

ಸೆಪ್ಟೆಂಬರ್ ೧೧
ಚಿಪ್ಪಿನ ಷೆಡ್ಡಿನಿಂದ

ಪ್ರೀತಿಯ ಪುಟ್ಟಿಗೆ,

ನೀನೂ ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಹತ್ತೊಂಬತ್ತು ದಿನವಾಯಿತು. ಬಿಡುವಿರಲಿಲ್ಲ ಎಂದರೆ ನೀನು ನಗುತ್ತೀಯ. ತಕ್ಕಡಿ ಮುಂದೆ ಕೂತು ಮೂರು ಜನರ ಜೊತೆ ಒಟ್ಟಿಗೆ ಜಗಳವಾಡುವವಳಿಗೆ ಒಂದು ಕಾಗದಕ್ಕೆ ಬಿಡುವಿಲ್ಲವೆ? ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು.

ನೀನು ಕೇಳಿದ್ದು ಒಂದೇ ಸಾಲು: "ಅಕ್ಕಾ, ಅವತ್ತು ನೀರು ಬೇಗ ಬಂತಾ?" ಬಂತು ಎಂದರೆ ದೊಡ್ಡ ಮಗನನ್ನು ಹಿಡಿದು ಕೂರಿಸುತ್ತೀಯ. ಇಲ್ಲ ಎಂದರೆ ಅಪ್ಪನನ್ನು ಕೊಂದದ್ದು ನೀರಲ್ಲ, ದೊಡ್ಡಪ್ಪ ಎಂದಾಗುತ್ತದೆ; ಅವನು ಅಪ್ಪನ ಹಾರೆ ಮಸೆದಿಟ್ಟಿದ್ದಾನೆ, ಇಪ್ಪತ್ತಮೂರಕ್ಕೆ ಹಾಸುಬಂಡೆಯ ಮೇಲೆ ದೊಡ್ಡಪ್ಪನ ತಲೆ ಒಡೆಯುತ್ತಾನೆ, ತಡೆಯಲು ನಿನಗೆ ಬಾಯಿಲ್ಲ. ಇನ್ನು ಹನ್ನೆರಡು ದಿನ.

ನಿನ್ನ ಭಾವನ ದವಡೆ ಇನ್ನೂ ಸರಿಯಾಗಿ ಕೂತಿಲ್ಲ. ಎಡಗಡೆಯಲ್ಲೇ ಅಗಿಯುತ್ತಾರೆ. ಮೊದಲೇ ಅರ್ಧ ಮಾತು ನುಂಗುವ ಮನುಷ್ಯ, ಈಗ ಉಳಿದರ್ಧವೂ ಹೋಯಿತು. ನಿನ್ನ ಮನೆಯವರು ಕೊಟ್ಟ ಏಟು ಅದು. ಅವರಿಲ್ಲ, ಏಟು ಇದೆ. ದಿನಕ್ಕೆ ಮೂರು ಹೊತ್ತು ನನ್ನೆದುರು ಕೂತು ಊಟ ಮಾಡುತ್ತದೆ.

ನೀರಿನ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ಇದನ್ನೆಲ್ಲ ಎಲ್ಲಿ ಕಲಿತಳು ಎಂದು ನಿನ್ನ ಮಾವ ಆಡಿಕೊಳ್ಳುತ್ತಿದ್ದರಲ್ಲ. ಇಪ್ಪತ್ತೆರಡು ವರ್ಷ ನೀರು ನೋಡಿ ಪುಸ್ತಕದಲ್ಲಿ ನಿಮಿಷ ಬರೆದಿಟ್ಟು ಕಲಿತೆ. ಸಮುದ್ರವನ್ನು ಎಳೆಯುವುದು ಚಂದ್ರ. ಉಬ್ಬಿದ ನೀರಿನಡಿಯಲ್ಲಿ ಭೂಮಿ ಸುತ್ತುತ್ತದೆ, ಅದಕ್ಕೇ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಅಷ್ಟರಲ್ಲಿ ಚಂದ್ರನೂ ಒಂದಿಷ್ಟು ಮುಂದೆ ಹೋಗಿರುತ್ತಾನೆ. ಅವನನ್ನು ಹಿಡಿಯಲು ಭೂಮಿಗೆ ಇನ್ನೂ ಐವತ್ತು ನಿಮಿಷ ಬೇಕು. ಆದ್ದರಿಂದ ನೀರು ನಿನ್ನೆಗಿಂತ ಇವತ್ತು ಅಷ್ಟು ತಡ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯನೂ ಅದೇ ಸಾಲಿಗೆ ಬಂದು ಕೈ ಹಾಕುತ್ತಾನೆ. ಒಂದೇ ಹಗ್ಗಕ್ಕೆ ಇಬ್ಬರು.

ಭೂಮಿ ನೆಟ್ಟಗೆ ನಿಂತಿಲ್ಲ, ಓರೆಯಾಗಿದೆ. ಅದಕ್ಕೇ ಸೂರ್ಯ ಆರು ತಿಂಗಳು ಬಡಗಲಿಗೆ ವಾಲುತ್ತಾನೆ, ಆರು ತಿಂಗಳು ತೆಂಕಲಿಗೆ. ನಮ್ಮ ಸೆಖೆ, ಚಳಿ ಎಲ್ಲ ಆ ಓರೆಯ ಕೊಡುಗೆ. ಮಾರ್ಚಿನಲ್ಲಿ, ಸೆಪ್ಟೆಂಬರಿನಲ್ಲಿ ಮಾತ್ರ ಅವನು ಭೂಮಿಯ ಸೊಂಟಕ್ಕೆ ನೇರ ಬರುತ್ತಾನೆ. ಆಗಿನ ಅಮಾವಾಸ್ಯೆಯೋ ಹುಣ್ಣಿಮೆಯೋ ಕಳೆದ ಮಾರನೆಯ ದಿನ ಸಮುದ್ರ ಎಂದೂ ಹೋಗದಷ್ಟು ದೂರ ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ನಮ್ಮ ಹಾಸುಬಂಡೆ ಬೆನ್ನು ತೋರಿಸುತ್ತದೆ. ಮೇಲೆಲ್ಲ ಅಂಗೈಯಗಲದ ಚಿಪ್ಪು, ಹಾರೆ ಹಾಕಿ ಕಿತ್ತಷ್ಟೂ ದುಡ್ಡು. ವರ್ಷಕ್ಕೆ ಎರಡೇ ಸಲ, ಒಂದೂಕಾಲು ಗಂಟೆ. ಅಷ್ಟೇ ಹೊತ್ತು ಬದುಕುವ ನೆಲಕ್ಕೆ ಆಚೆ ದಂಡೆ, ಈಚೆ ದಂಡೆ ಎಂದು ಎರಡು ಯಜಮಾನಿಕೆ.

ಸೀಟಿ ನನ್ನ ಕೈಗೆ ಕೊಟ್ಟದ್ದೂ ಅದಕ್ಕೇ ಅಲ್ಲವೆ. ನಾನು ಈಚೆ ದಂಡೆಯವಳು, ತಂಗಿ ಆಚೆ ದಂಡೆಯ ಸೊಸೆ, ಪುಸ್ತಕ ಸುಳ್ಳು ಹೇಳುವುದಿಲ್ಲ. ಗುಡ್ಡದ ಮೇಲೆ ನಾನು ಸೀಟಿ ಊದಿದರೆ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಎರಡೂ ಕಡೆಯವರು ಓಡಬೇಕು. ಬಂಡೆ ಮುಳುಗುವ ಮೊದಲೇ ಬಂಡೆಗೂ ದಂಡೆಗೂ ನಡುವಿನ ಕಾಲುವೆ ತುಂಬುತ್ತದೆ. ಕೆಳಗಿದ್ದವರು ನೀರು ನೋಡುವುದಿಲ್ಲ, ಸೀಟಿಗೆ ಕಿವಿ ಕೊಟ್ಟಿರುತ್ತಾರೆ.

ಮಾರ್ಚಿನ ಆ ದಿನ ಗೆರೆಯಿಂದ ಶುರುವಾಯಿತು. ಎರಡು ದಂಡೆಯ ಪಾಲಿಗೆಂದು ಬಂಡೆಯ ಮೇಲೆ ಉಳಿಯಿಂದ ಕೊರೆದಿದ್ದ ಗೆರೆ ಒಂದು ಮೊಳ ಸರಿದಿದೆ ಎಂದರು ನಿನ್ನ ಭಾವ.

"ಗೆರೆಗೇನು ಕಾಲಿದ್ಯಾ, ನಡ್ಕೊಂಡ್ ಬರೋಕೆ?" ನಿನ್ನ ಮನೆಯವರು ನಕ್ಕರು.

"ಗೆರೆಗಿಲ್ಲ, ನಿನಗಿದೆ. ಮುರಿದ್ರೆ ಸರಿಹೋಗತ್ತೆ."

"ಮುರಿಯೋ ಮೊದ್ಲು ಬಾಯಿ ಮುಚ್ಕೊಳೋದು ಕಲಿ ಭಾವ, ನೊಣ ಹೋಗತ್ತೆ."

ಬಾಯಿ ಮುಚ್ಚಿಸಿದ್ದು ಹಾರೆಯ ಹಿಂಬದಿ. ಒಣಕೊಂಬೆ ಮುರಿದ ಸದ್ದು ಗುಡ್ಡದವರೆಗೂ ಕೇಳಿಸಿತು. ನಿನ್ನ ಭಾವ ಉಗುಳಿದ್ದರಲ್ಲಿ ಎರಡು ಹಲ್ಲು. ಆಮೇಲೆ ನಲವತ್ತು ಜನ ಒಬ್ಬರ ಮೇಲೊಬ್ಬರು. ನಿಮ್ಮ ಕಡೆಯ ಗಿಡ್ಡನ ಕಿವಿ ಅರ್ಧ ಹರಿದು ಜೋತಾಡುತ್ತಿತ್ತು. ನಮ್ಮ ಪಕ್ಕದ ಮನೆಯವಳು ಒಬ್ಬಳ ಜುಟ್ಟು ಹಿಡಿದು ಕೆನ್ನೆಯನ್ನು ಚಿಪ್ಪಿನಂಚಿಗೆ ಉಜ್ಜಿದಳು, ಬಟ್ಟೆ ಒಗೆದ ಹಾಗೆ. ಬಿದ್ದವರ ಮಂಡಿ, ಮೊಣಕೈ ಸೀಳಿ ಬಂಡೆಯ ಕುಳಿಗಳೆಲ್ಲ ಕೆಂಪಗಾದವು. ಅದೇ ಜನ ಹಿಂದಿನ ವಾರ ನನ್ನ ಷೆಡ್ಡಿನಲ್ಲಿ ಒಂದೇ ಬೀಡಿ ಹಂಚಿಕೊಂಡಿದ್ದರು.

ಸೀಟಿ ಊದಿದೆ, ಓಡಿದರು. ಅಷ್ಟರಲ್ಲಿ ನಿನ್ನ ಮನೆಯವರ ಮಂಡಿ ಪುಡಿಯಾಗಿತ್ತು. ಅವರನ್ನು ಹೊತ್ತವರು ನಿಮ್ಮವನೊಬ್ಬ, ನಮ್ಮವನೊಬ್ಬ. ಅದನ್ನು ನಿನ್ನ ಮಗನಿಗೆ ಹೇಳು. ಕಾಲುವೆಯಲ್ಲಿ ನೀರು ಎದೆಗೆ ಬಂದಾಗ ಕೈ ತಪ್ಪಿತು.

ಗಾಳಿ ನೀರನ್ನು ಬೇಗ ತಳ್ಳಿತು ಎಂದು ಎರಡು ದಂಡೆಯವರೂ ಹೇಳಿದರು. ಪೊಲೀಸಿನವರು ಕೇಳಿದಾಗ ನಾನೂ ತಲೆಯಾಡಿಸಿದೆ.

ಸಣ್ಣವಳಿಗೆ ಶಾಲೆ ಬಿಡಿಸಬೇಡ. ಹೊಟ್ಟೆ ತುಂಬ ಉಣ್ಣು, ಸಿಟ್ಟಿಗೂ ಶಕ್ತಿ ಬೇಕು. ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿನ್ನ ಮಕ್ಕಳಿಗೆ ಸೇರಲಿ.

ನಿನ್ನ
ಅಕ್ಕ

ಇಷ್ಟು ಬರೆದು ಅಂಟಿಸಿದ್ದೆ. ಮತ್ತೆ ಬಿಚ್ಚಿದೆ.

ಪುಸ್ತಕದ ಆ ಹಾಳೆ ಹರಿದು ಇಟ್ಟಿದ್ದೇನೆ. ಸೀಟಿ ಊದಬೇಕಾದ್ದು ಹನ್ನೆರಡು ಹತ್ತಕ್ಕೆ. ಊದಿದ್ದು ಹನ್ನೆರಡು ಹದಿನಾಲ್ಕಕ್ಕೆ. ಎರಡೂ ನನ್ನದೇ ಅಕ್ಷರ.

ಹನ್ನೆರಡು ಹತ್ತಕ್ಕೆ ನಿನ್ನ ಭಾವ ಅಂಗಾತ ಬಿದ್ದಿದ್ದರು, ಎದೆಯ ಮೇಲೆ ನಿನ್ನ ಮನೆಯವರ ಮಂಡಿ. ಸೀಟಿ ನನ್ನ ಹಲ್ಲಿನ ನಡುವೆ ಇತ್ತು. ಆಗ ಊದಿದ್ದರೆ ನನ್ನ ಗಂಡ ಕೆಳಗೆ ಬಿದ್ದವನಾಗಿಯೇ ಮನೆಗೆ ಬರುತ್ತಿದ್ದ. ಎದ್ದು ಒಂದು ಏಟು ಕೊಡಲಿ, ಆಮೇಲೆ ಊದೋಣ ಎಂದುಕೊಂಡೆ. ಹನ್ನೆರಡು ಹನ್ನೆರಡಕ್ಕೆ ನೀರು ನಿನ್ನ ಮನೆಯವರ ಪಾದ ಮುಟ್ಟಿತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಸೀಟಿ ಆಗಿಲ್ಲವಲ್ಲ, ಇನ್ನೂ ಹೊತ್ತಿದೆ ಎಂದು ನಂಬಿ ಮತ್ತೆ ತಿರುಗಿದರು. ಅವರು ಕತ್ತೆತ್ತಿದ ಆ ಗಳಿಗೆಯಲ್ಲೇ ನಿನ್ನ ಭಾವನಿಗೆ ಹಾರೆ ಸಿಕ್ಕಿತ್ತು. ಕೊಡವಿ ಎದ್ದು ಮಂಡಿಗೆ ಹೊಡೆದರು. ಆಮೇಲೆ ಊದಿದೆ.

ನೀರು ಬೇಗ ಬರಲಿಲ್ಲ ಪುಟ್ಟಿ. ಹೊತ್ತಿಗೆ ಸರಿಯಾಗಿ ಬಂತು.

ಇದನ್ನು ಮಗನಿಗೆ ಓದಿ ಹೇಳು. ಹಾರೆ ಎತ್ತುವುದಾದರೆ ಯಾರ ಮೇಲೆ ಎಂದು ಅವನಿಗೆ ಗೊತ್ತಿರಲಿ. ಸೀಟಿ ಈ ಕಾಗದದ ಜೊತೆಗಿದೆ. ಇಪ್ಪತ್ತಮೂರಕ್ಕೆ ಗುಡ್ಡ ಹತ್ತುವವಳು ನೀನು. ನಾನು ಬಂಡೆಯ ಮೇಲೆ ಗೆರೆಯಿದ್ದಲ್ಲಿ ಕೂತಿರುತ್ತೇನೆ. ಉಳಿದವರಿಗೆಲ್ಲ ಗಡಿಯಾರ ನೋಡಿ ಹೊರಡಿ ಎಂದು ಹೇಳಿದ್ದಾಗಿದೆ. ನಾನು ಗಡಿಯಾರ ಕಟ್ಟುವುದಿಲ್ಲ. ನೀನು ಊದಿದಾಗ ಏಳುತ್ತೇನೆ.