ನಿಧಾನದ ಊಟ

ಅಕ್ಕನ ಮನೆಯಿಂದ
ಭಾನುವಾರ, ಮಧ್ಯಾಹ್ನ

ಪ್ರೀತಿಯ ರೀ,

ಕಾಗದಕ್ಕೆ ಇದೆಂಥ ಶುರು ಎಂದು ನಗಬೇಡಿ. ಮದುವೆಯಾದಾಗಿನಿಂದ ನಿಮ್ಮನ್ನು ‘ರೀ’ ಎಂದಲ್ಲದೆ ಬೇರೆ ಹೇಗೂ ಕರೆದವಳಲ್ಲ ನಾನು. ಈಗ ಹೆಸರು ಬರೆಯಲು ಹೋದರೆ ಯಾವುದೋ ಸಾಹೇಬರಿಗೆ ಅರ್ಜಿ ಹಾಕಿದ ಹಾಗಾಗುತ್ತದೆ. ಫೋನಿನಲ್ಲಾದರೆ ನೀವು ‘ಹೂಂ’ ಅನ್ನುತ್ತೀರಿ, ನಾನು ‘ಮತ್ತೇನು’ ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದವಾದರೆ ನಡುವೆ ಬಾಯಿ ಹಾಕಲು ನಿಮಗೂ ಆಗುವುದಿಲ್ಲ, ಅರ್ಧಕ್ಕೆ ನಿಲ್ಲಿಸಲು ನನಗೂ ನೆಪ ಸಿಗುವುದಿಲ್ಲ.

ಮೊನ್ನೆ ಇಲ್ಲಿಗೆ ಬಂದಾಗ ನೀವೊಂದು ಪ್ರಶ್ನೆ ಕೇಳಿದಿರಿ. ಅಕ್ಕ ಒಳಗೆ ಹೋಗಿದ್ದಳು. ನೀವು ಬಸ್ಸಿಗೆ ಕಾಯುವವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತು, ನೆಲ ನೋಡುತ್ತಾ ಕೇಳಿದಿರಿ: “ಅಲ್ವೇ, ನೀನು ಊಟನೇ ಮಾಡಲ್ಲ ಅಂದ್ಮೇಲೆ ಆ ಮನೇಲಿ ನನಗೇನು ಕೆಲಸ?” ನಾನು “ಬಸ್ಸು ತಪ್ಪುತ್ತೆ ನೋಡಿ” ಎಂದುಬಿಟ್ಟೆ. ನೀವು ಎದ್ದು ಹೊರಟೇ ಹೋದಿರಿ. ಕೈಯಲ್ಲಿ ಒಂದು ಡಬ್ಬಿಯೂ ಇಲ್ಲದೆ ನೀವು ಯಾರ ಮನೆಗಾದರೂ ಹೋದದ್ದನ್ನು ನಾನು ಅವತ್ತೇ ನೋಡಿದ್ದು. ಕೂತಿದ್ದಷ್ಟು ಹೊತ್ತೂ ಆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿದಿರಿ, ತೆಗೆದಿರಿ, ಕೊನೆಗೆ ಮಂಡಿಯ ಮೇಲಿಟ್ಟುಕೊಂಡಿರಿ. ಅದನ್ನು ನೋಡಿ ಹೊಟ್ಟೆ ಚುರುಕ್ ಎಂದಿತು. ಹೊಟ್ಟೆ ಎಷ್ಟು ಉಳಿದಿದೆಯೋ ಅಷ್ಟು.

ಉತ್ತರಕ್ಕೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಸಹಿಸಿಕೊಳ್ಳಿ.

ನನ್ನ ತೂಕ ಇಳಿಸುವ ಆಪರೇಷನ್ ಬೇಡವೆಂದು ನೀವು ಹಟ ಹಿಡಿದದ್ದು ಪ್ರಾಣಭಯದಿಂದ ಎಂದು ಎಲ್ಲರೂ ತಿಳಿದರು. ನಾನೂ ಹಾಗೇ ತಿಳಿದಿದ್ದೆ. ಆಮೇಲೆ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು, ಜಠರದ ಮುಕ್ಕಾಲು ಪಾಲು ತೆಗೆದುಬಿಡುತ್ತೇವೆ, ಒಂದು ಬಾಳೆಹಣ್ಣಿನಷ್ಟು ಉಳಿಯುತ್ತದೆ ಎಂದಾಗ ನೀವು ಅವರನ್ನು ಕೇಳಿದ್ದು ನೆನಪಿದೆಯಾ? “ಡಾಕ್ಟ್ರೇ, ಆಮೇಲೆ ಇವಳು ರುಚಿಯಾಗಿದೆ ಅಂತ ಇನ್ನೊಂದು ಸಲ ಹಾಕಿಸ್ಕೊಳ್ಳೋ ಹಾಗೇ ಇಲ್ವಾ?” ಡಾಕ್ಟರು ನಕ್ಕರು. ನೀವು ನಗಲಿಲ್ಲ. ಮಂಡಿ ಸವೆದು ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದ ಹೆಂಗಸು ನಾನು. ಅಂಗಡಿಯ ಸ್ಟೂಲಿನ ಮೇಲೆ ಅರ್ಧ ಮೈ ಇಟ್ಟುಕೊಂಡು ಗಿರಾಕಿಗಳ ಮೂಗಿಗೆ ಕನ್ನಡಕ ಕೂರಿಸುತ್ತಿದ್ದೆ. ನಿಮ್ಮ ಚಿಂತೆ ಎರಡನೇ ಸಲ ಬಡಿಸುವುದರದು. ಸಿಟ್ಟು ಬಂದಿತ್ತು ನನಗೆ. ಈಗ ಆ ಸಿಟ್ಟಿಲ್ಲ.

ಆಪರೇಷನ್ ಆದ ಮೊದಲ ವಾರಗಳಲ್ಲಿ ನಿಮ್ಮಷ್ಟು ಚೆನ್ನಾಗಿ ನೋಡಿಕೊಂಡವರು ಯಾರೂ ಇಲ್ಲ. ಬರೀ ನೀರಿನಂಥ ಆಹಾರ ಎಂದಾಗ ತರಕಾರಿ ಬೇಯಿಸಿ, ಸೋಸಿ, ಬಟ್ಟೆಯಲ್ಲಿ ಮತ್ತೆ ಹಿಂಡಿ ಆ ಸೂಪು ಮಾಡಿಕೊಟ್ಟಿರಲ್ಲ, ಆಸ್ಪತ್ರೆಯ ಪಥ್ಯದ ಮೇಡಂ ಒಂದು ಚಮಚ ಕುಡಿದು ನೋಡಿ, ಇದನ್ನು ನಮ್ಮ ಅಡುಗೆಮನೆಯವರಿಗೂ ಹೇಳಿಕೊಡಿ ಅಂದರು. ನಿಮ್ಮ ಮುಖ ಮೊರದಗಲವಾಯಿತು. ನಾನೂರು ಜನರ ಕ್ಯಾಂಟೀನಿಗೆ ಕೊಪ್ಪರಿಗೆಯಲ್ಲಿ ಬೇಯಿಸುವವರು ಒಂದು ಲೋಟ ಸೂಪಿಗಾಗಿ ಒಲೆ ಮುಂದೆ ನಿಂತೇ ಇದ್ದಿರಿ.

ತೊಂದರೆ ಶುರುವಾದದ್ದು ಅನ್ನ ತಿನ್ನಬಹುದು ಎಂದಮೇಲೆ. ನಾಲ್ಕು ಚಮಚಕ್ಕೇ ಎದೆಯ ಹತ್ತಿರ ಬಂದು ನಿಂತುಬಿಡುತ್ತಿತ್ತು. ಅದರ ಮೇಲೆ ಒಂದು ಅಗುಳು ಹೋದರೂ ಕಣ್ಣಲ್ಲಿ ನೀರು. ಅಗಿದು ಅಗಿದು ನುಂಗಬೇಕು, ನಡುವೆ ನೀರು ಕುಡಿಯಬಾರದು. ಒಂದು ಸಣ್ಣ ಬಟ್ಟಲು ಮುಗಿಸಲು ನನಗೆ ಅರ್ಧ ಗಂಟೆ. ನೀವೋ ಕ್ಯಾಂಟೀನಿನವರು. ಊಟದ ಗಂಟೆ ಹೊಡೆಯುವುದರೊಳಗೆ ತಿಂದು ಮುಗಿಸಿ ಅಭ್ಯಾಸ. ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ, ಕೈ ಒಣಗಿಸಿಕೊಂಡು, ನನ್ನ ಬಾಯಿ ನೋಡುತ್ತಾ ಕೂರುತ್ತಿದ್ದಿರಿ. “ಇನ್ನೊಂದೇ ಒಂದು” ಅನ್ನುತ್ತಿದ್ದಿರಿ. ಆಮೇಲೆ ಅದನ್ನೂ ಅನ್ನುವುದು ಬಿಟ್ಟಿರಿ. ಬರೀ ನೋಡುತ್ತಿದ್ದಿರಿ, ಪರೀಕ್ಷೆ ಬರೆಯುವ ಮಗುವಿನ ತಾಯಿಯ ಹಾಗೆ. ನೀವು ನೋಡಿದಷ್ಟೂ ತುತ್ತು ಒಳಗೆ ಇಳಿಯುತ್ತಿರಲಿಲ್ಲ. ಅದಕ್ಕೇ ಬಟ್ಟಲು ತೆಗೆದುಕೊಂಡು ಕೋಣೆಯ ಕಿಟಕಿ ಹತ್ತಿರ ಹೋಗಿ ತಿನ್ನತೊಡಗಿದೆ. ನೀವು ಅಡುಗೆಕಟ್ಟೆಗೆ ಒರಗಿ ನಿಂತುಕೊಂಡೇ ಊಟ ಮುಗಿಸತೊಡಗಿದಿರಿ. ಊಟದ ಮೇಜಿನ ಮೇಲೆ ಇಸ್ತ್ರಿಗೆ ಹಾಕುವ ಬಟ್ಟೆ ಬಂದು ಕೂತವು. ಇಬ್ಬರೂ ಅದನ್ನು ನೋಡಿದೆವು. ಯಾರೂ ತೆಗೆಯಲಿಲ್ಲ.

ಇತ್ತ ನನ್ನ ಮೈ ದಿನಕ್ಕೊಂದು ರೀತಿ. ಬಾಚಣಿಗೆ ತುಂಬ ಕೂದಲು. ತೋಳಿನ ಚರ್ಮ ಬೇರೆ ಯಾರದೋ ಕುಪ್ಪಸ ಹಾಕಿಕೊಂಡಂತೆ ಜೋಲುತ್ತದೆ. ಆದರೆ ಬಸ್ಸಿನಲ್ಲಿ ನನ್ನ ಪಕ್ಕ ಜನ ಕೂರುತ್ತಾರೆ ರೀ. ಮೊದಲೆಲ್ಲ ನಿಂತೇ ಇರುತ್ತಿದ್ದರು, ಈ ಕಡೆ ನೋಡುತ್ತಲೂ ಇರಲಿಲ್ಲ. ಮೊದಲ ದಿನ ಒಬ್ಬಳು ಬಂದು ಪಕ್ಕದಲ್ಲಿ ಕೂತಾಗ, ಇವಳಿಗೆ ಬೇರೆ ಸೀಟು ಸಿಗಲಿಲ್ಲವಾ ಎಂದು ತಿರುಗಿ ನೋಡಿದೆ. ಹಿಂದೆ ಅರ್ಧ ಬಸ್ಸು ಖಾಲಿಯಿತ್ತು. ಇದನ್ನು ಅವತ್ತೇ ನಿಮಗೆ ಹೇಳಬೇಕೆಂದುಕೊಂಡೆ. ಮನೆಗೆ ಬಂದಾಗ ನೀವು ಕಟ್ಟೆಗೆ ಒರಗಿ ಉಣ್ಣುತ್ತಿದ್ದಿರಿ. ಹೇಳಲಿಲ್ಲ.

ಇನ್ನೊಂದನ್ನೂ ಹೇಳಲಿಲ್ಲ. ಅಂಗಡಿಗೆ ನಮ್ಮ ಹಳೆಯ ಗಿರಾಕಿ ಒಬ್ಬರು ಬಂದಿದ್ದರು, ನಿವೃತ್ತ ಮೇಷ್ಟ್ರು. ಕನ್ನಡಕದ ಕಡ್ಡಿ ಸಡಿಲಾಗಿತ್ತು. ನನ್ನನ್ನೇ ಕೇಳಿದರು: “ಆ ದಪ್ಪಗಿದ್ರಲ್ಲ, ಅವರಿಲ್ವಾಮ್ಮ? ಅವರ ಕೈ ಚೆನ್ನಾಗಿತ್ತು. ಕಿವಿಗೆ ನೋವೇ ಆಗ್ತಿರಲಿಲ್ಲ.” ನಾನು ಏನಂದೆ ಗೊತ್ತಾ? “ರಜೆ ಮೇಲಿದ್ದಾರೆ” ಅಂದೆ. ಕಡ್ಡಿ ಬಿಸಿ ಮಾಡಿ, ಬಗ್ಗಿಸಿ, ಅವರ ಕಿವಿಗೆ ಕೂರಿಸಿದೆ. ಅವರು ಕನ್ನಡಿ ನೋಡಿಕೊಂಡು, “ನೀನೂ ಪರವಾಗಿಲ್ಲ. ಆದ್ರೂ ಅವರು ಬಂದ್ಮೇಲೆ ಒಂದ್ಸಲ ತೋರಿಸ್ತೀನಿ” ಎಂದು ಹೋದರು. ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಹಿಂದಿನ ಕೋಣೆಗೆ ಹೋಗಿ ಗಾಜು ಒರೆಸುತ್ತಾ ನಿಂತೆ. ಆ ದಪ್ಪಗಿದ್ದವಳು ಎಲ್ಲಿ ಹೋದಳೋ ನನಗೂ ಗೊತ್ತಿರಲಿಲ್ಲ. ಜನ ಅವಳನ್ನು ಕಾಯುತ್ತಿದ್ದಾರೆ, ನೀವೂ ಮನೆಯಲ್ಲಿ ಅವಳನ್ನೇ ಕಾಯುತ್ತಿದ್ದೀರಿ ಅನ್ನಿಸಿತು.

ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ ಆದದ್ದಕ್ಕೂ ಕಾರಣ ಇದೇ. ನೀವು ರಜೆ ಹಾಕಿ ಬೆಳಗಿನಿಂದ ಅಡುಗೆಮನೆಯಲ್ಲಿದ್ದಿರಿ. ನಿಮ್ಮ ತಂಗಿ, ಅವಳ ಗಂಡ ಬಂದಿದ್ದರು. ನಾದಿನಿ ಎಂದಿನ ಹಾಗೆ, “ಏನತ್ತಿಗೆ, ಅಣ್ಣನ ಅಡುಗೆ ಬಿಟ್ಟು ಗಾಳಿ ಕುಡ್ಕೊಂಡು ಬದುಕ್ತೀರಾ?” ಅಂದಳು. “ಸುಮ್ನಿರೆ” ಎಂದು ನೀವೇ ಅವಳ ಬಾಯಿ ಮುಚ್ಚಿಸಿದಿರಿ. ನನ್ನ ಸಣ್ಣ ಬಟ್ಟಲನ್ನು ನೀವೇ ತಂದಿಟ್ಟು, ಎರಡೇ ಚಮಚ ಬಡಿಸಿದಿರಿ. ಆ ಎರಡು ಚಮಚ ಬಡಿಸುವಾಗಿನ ನಿಮ್ಮ ಮುಖ ನನಗೆ ನೋಡಲಾಗಲಿಲ್ಲ. ಸೌಟಿಗೆ ಕೈ ಚಾಚಿದವಳು ನಾನೇ. ದೊಡ್ಡ ತಟ್ಟೆ ಎಳೆದುಕೊಂಡವಳೂ ನಾನೇ. “ಇದನ್ನ ಇನ್ನೊಂಚೂರು ಹಾಕಿ” ಎಂದಾಗ ನೀವು ತಲೆಯೆತ್ತಿ ನೋಡಿದಿರಲ್ಲ, ಆ ನೋಟಕ್ಕಾಗಿ ಕೇಕನ್ನೂ ತಿಂದೆ. ಆ ಹೊತ್ತಿಗೆ ರಜೆ ಮೇಲೆ ಹೋದವಳು ವಾಪಸು ಬಂದಿದ್ದಳು.

ಆಮೇಲಿನದು ನಿಮಗೆ ಗೊತ್ತು. ಮೈಯೆಲ್ಲ ಬೆವರು, ಎದೆ ಡವಡವ, ಬಚ್ಚಲಿನ ನೆಲದ ಮೇಲೆ ನಾನು. ಬಾಗಿಲಾಚೆ ನೀವು. “ನನ್ನ ಕೈಯಡುಗೆ ನಿನಗೆ ವಿಷ ಆಯ್ತಾ?” ಅಂದಿರಿ. “ಹೌದು, ಆಯ್ತು. ಈಗ ಸಮಾಧಾನವಾ?” ಅಂದೆ. ನನ್ನ ಬಾಯಿಂದ ಬಂದ ಆ ಮಾತಿನ ಹಿಂದೆ ಬರೀ ಸಂಕಟವಿತ್ತು, ರೀ. ನೀವು ಬಾಗಿಲಿನಿಂದ ದೂರ ಹೋದ ಹೆಜ್ಜೆಯ ಸಪ್ಪಳ ಕೇಳಿಸಿತು. ಪಾತ್ರೆ ತೊಳೆಯುವ ಸದ್ದೂ ಕೇಳಿಸಿತು. ಮರುದಿನ ಬೆಳಿಗ್ಗೆ ನಾನು ಬ್ಯಾಗು ಹಿಡಿದು ನಿಂತಾಗ ನೀವು ತಡೆಯಲಿಲ್ಲ. ಆಟೋ ಕರೆದು, ಬ್ಯಾಗು ಇಟ್ಟುಕೊಟ್ಟು, “ನಿಧಾನ ಹೋಗಪ್ಪ” ಎಂದು ಅವನಿಗೆ ಹೇಳಿದಿರಿ.

ಅಕ್ಕ ಫೋನಿನಲ್ಲಿ ನಿಮ್ಮನ್ನು ತರಾಟೆಗೆ ತೆಗೆದುಕೊಂಡಳಂತೆ. ಅವರು ಬಡಿಸಿದ್ದು ಎರಡೇ ಚಮಚ ಎಂದು ಅವಳಿಗೆ ಹೇಳಿದ್ದೇನೆ. “ಗಂಡನ್ನ ಬಿಟ್ಟುಕೊಡಲ್ಲ ನೀನು” ಎಂದು ಮೂತಿ ತಿರುಗಿಸಿದಳು. ಹೋಗಲಿ, ಅವಳ ಪ್ರೀತಿ ಇರುವುದೇ ಹಾಗೆ.

ಇಲ್ಲಿ ನಾನು ಎಷ್ಟು ತಿಂದೆನೆಂದು ಯಾರೂ ನೋಡುವುದಿಲ್ಲ. ಅಕ್ಕನ ಅಡುಗೆ ನಿಮಗೆ ಗೊತ್ತೇ ಇದೆಯಲ್ಲ, ಎರಡನೇ ಸಲ ಕೇಳಬೇಕೆಂದು ಆರೋಗ್ಯವಂತರಿಗೂ ಅನ್ನಿಸುವುದಿಲ್ಲ. ಭಾವ ಪೇಪರು ಅಡ್ಡ ಹಿಡಿದು ಉಣ್ಣುತ್ತಾರೆ. ಮೊದಲ ವಾರ ಹಾಯೆನಿಸಿತು. ಆಮೇಲೆ, ಬಟ್ಟಲು ಮುಂದಿಟ್ಟುಕೊಂಡು ಅರ್ಧ ಗಂಟೆ ಆ ಪೇಪರಿನ ಹಿಂಭಾಗ ನೋಡುತ್ತಾ ಕೂತಾಗ, ಇದಕ್ಕಿಂತ ನೀವು ದುರುಗುಟ್ಟಿ ನೋಡುವುದೇ ವಾಸಿಯಿತ್ತು ಅನ್ನಿಸಿದ್ದೂ ಉಂಟು.

ಮೊನ್ನೆ ನೀವು ಬಂದಾಗ ನಾನು ಗಮನಿಸಿದ್ದು ಇನ್ನೊಂದು. ಆ ಪ್ರಶ್ನೆ ಕೇಳುವ ಮೊದಲು ನೀವು ಬಹಳ ಹೊತ್ತು ಮಾತಾಡಿದಿರಿ. ಕ್ಯಾಂಟೀನಿಗೆ ಬಂದಿರುವ ಹೊಸ ಮ್ಯಾನೇಜರು, ಮಸಾಲೆ ಅರೆಯುವುದು ಬೇಡ, ಪ್ಯಾಕೆಟ್ ಪುಡಿಯನ್ನೇ ಹಾಕಿ ಎಂದು ಹಟ ಹಿಡಿದಿರುವುದು. ನೀವು ಎರಡು ಪಾತ್ರೆ ಬೇರೆ ಬೇರೆ ಮಾಡಿ, ಯಾವುದು ಯಾವುದೆಂದು ಹೇಳದೆ ಅವನಿಗೇ ಬಡಿಸಿದ್ದು, ಅವನು ಪ್ಯಾಕೆಟ್ಟಿನದನ್ನೇ ಚೆನ್ನಾಗಿದೆ ಅಂದದ್ದು. “ಅವತ್ತು ನನ್ನ ಕೈ ಬಿದ್ದೇ ಹೋಯ್ತು ಕಣೆ” ಅಂದಿರಿ. ಇಷ್ಟು ವರ್ಷದಲ್ಲಿ ನಿಮ್ಮ ಕೆಲಸದ ಬಗ್ಗೆ ಇಷ್ಟು ಮಾತನ್ನು ನಾನು ಕೇಳಿರಲಿಲ್ಲ. ನಮ್ಮ ಊಟದ ಹೊತ್ತಿನಲ್ಲಿ ಇದ್ದದ್ದು ಎರಡೇ ಮಾತು: ‘ಇನ್ನಷ್ಟು ಹಾಕ್ಲಾ’, ‘ಹಾಕಿ’. ಅಷ್ಟರಲ್ಲೇ ಎಲ್ಲ ಹೇಳಿ ಆಯಿತೆಂದು ಇಬ್ಬರೂ ನಂಬಿದ್ದೆವು. ನಾನು ‘ಸಾಕು’ ಎಂದ ದಿನ ಮಾತೇ ನಿಂತುಹೋಯಿತು.

ಮನೆಯಲ್ಲಿ ನಿಮಗೇನು ಕೆಲಸ ಅಂದಿರಲ್ಲ. ಇದು: ನನಗೊಂದು ಬಟ್ಟಲು ಮುಗಿಯಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ನೀವೂ ನಿಧಾನವಾಗಿ ಉಣ್ಣಬೇಕು. ನನ್ನ ಬಾಯಿ ನೋಡಬಾರದು, ಮ್ಯಾನೇಜರನ್ನು ಬೈಯಬೇಕು. ನಾನು ಬಸ್ಸಿನದು, ಅಂಗಡಿಯದು ಹೇಳುತ್ತೇನೆ. ನಿಮಗೆ ಇಷ್ಟವಾದದ್ದನ್ನು ನಿಮಗೆ ಬೇಕಾದಷ್ಟು ಮಾಡಿಕೊಂಡು ತಟ್ಟೆ ತುಂಬ ಬಡಿಸಿಕೊಳ್ಳಿ, ನನ್ನೆದುರು ತಿನ್ನಲು ಸಂಕೋಚ ಬೇಡ. ನನ್ನ ಎರಡು ಚಮಚದಲ್ಲೂ ಉಪ್ಪು ಹದವಾಗಿದೆಯಾ ಇಲ್ಲವಾ ಎಂದು ನನಗೆ ತಿಳಿಯುತ್ತದೆ, ಮೊದಲಿಗಿಂತ ಚೆನ್ನಾಗಿ ತಿಳಿಯುತ್ತದೆ. ಮೊದಲೆಲ್ಲ ಎಲ್ಲಿ ನಿಲ್ಲಿಸಿ ರುಚಿ ನೋಡುತ್ತಿದ್ದೆ ನಾನು?

ಇಷ್ಟಾದರೂ ಕೆಲವು ದಿನ ನಿಮಗೆ ಬೇಜಾರಾಗುತ್ತದೆ. ಕೆಲವು ದಿನ ನನಗೆ ವಾಂತಿಯಾಗುತ್ತದೆ, ಆಗ ಅದು ನಿಮ್ಮ ಅಡುಗೆಯ ತಪ್ಪಲ್ಲ ಎಂದು ನಾನು ಬಾಗಿಲು ತೆರೆದು ಹೇಳುತ್ತೇನೆ. ಹಳೆಯವಳು ಬರುವುದಿಲ್ಲ, ರೀ. ಅವಳಿಗಾಗಿ ನಿಮಗೆ ಎಷ್ಟು ಸಂಕಟವೋ ನನಗೂ ಅಷ್ಟೇ ಇದೆ. ಮೇಷ್ಟ್ರು ಮತ್ತೆ ಅಂಗಡಿಗೆ ಬಂದರೆ, ಅವಳು ನಾನೇ ಎಂದು ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ಅವರಿಗೆ ಬಿಟ್ಟದ್ದು.

ಬುಧವಾರ ಆಸ್ಪತ್ರೆಯಲ್ಲಿ ತೋರಿಸಿಕೊಂಡು ಅಲ್ಲಿಂದ ನೇರ ಮನೆಗೆ ಬರುತ್ತೇನೆ. ಕರೆದುಕೊಂಡು ಹೋಗಲು ಬರಬೇಡಿ, ಬಸ್ಸಿನಲ್ಲಿ ಬರುತ್ತೇನೆ. ಊಟದ ಮೇಜಿನ ಮೇಲಿನ ಬಟ್ಟೆ ತೆಗೆದಿಡಿ. ಇಸ್ತ್ರಿ ಮಾಡಿಸದಿದ್ದರೂ ನಡೆಯುತ್ತದೆ.

ನಿಮ್ಮ,
‘ಇವಳೇ’

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ಮೊನ್ನೆ ನೀವು ಹೋದ ಮೇಲೆ ಗೇಟಿನ ಹತ್ತಿರ ನಿಂತಿದ್ದಾಗ ಹೊಟ್ಟೆಯಲ್ಲಿ ಏನೋ ಆಯಿತು. ನೋವೆಂದುಕೊಂಡು ಹೆದರಿ ಮೆಟ್ಟಿಲ ಮೇಲೆ ಕೂತೆ. ನೋವಲ್ಲ. ಹಸಿವು. ಆಪರೇಷನ್ ಆದಾಗಿನಿಂದ ಗಡಿಯಾರ ನೋಡಿ ತಿನ್ನುತ್ತಿದ್ದೆನೇ ಹೊರತು ಒಂದು ದಿನವೂ ಹಸಿದಿರಲಿಲ್ಲ, ಇದನ್ನು ನಿಮಗೆ ಯಾವತ್ತೂ ಹೇಳಿರಲಿಲ್ಲ. ಹೇಳಿದರೆ ನೀವು ಒಲೆಯನ್ನೇ ಹಚ್ಚುವುದಿಲ್ಲವೆಂದು ಭಯ. ಹಸಿವು ಒಂದು ದಿನ ಮರಳಿ ಬರುತ್ತದೆ, ಬಂದಾಗ ಹುಷಾರಾಗಿರಿ ಎಂದು ಡಾಕ್ಟರು ಹೇಳಿದ್ದರು. ಹೆದರಿಕೆಯಾಗುತ್ತಿದೆ. ಖುಷಿಯೂ ಆಗುತ್ತಿದೆ. ಅಕ್ಕನಿಗೆ ಹೇಳಿಲ್ಲ, ಡಾಕ್ಟರಿಗೆ ಬುಧವಾರ ಹೇಳುತ್ತೇನೆ. ಮೊದಲು ನಿಮಗೆ ಹೇಳೋಣ ಅನ್ನಿಸಿತು.